ವೈಟ್ ಜೀನ್ ಕಣ್ಣಿನದ್ದೋ ಕಿಡ್ನಿಯದ್ದೋ? ಪ್ರಾಕ್ಟಿಕಲ್‌ಲಿ ಕಂಡದ್ದು ತಲೆ ಕೆಡಿಸಿದೆ

ಮಳೆಹುಡುಗಿ_ಶಿರ್ಸಿ:

ನಮಸ್ಕಾರ ಎಲ್ರಿಗೂ. ನಾನು ಬಿ.ಎಸ್ಸಿ ಕೊನೇ ವರ್ಷ, ಝೂವಾಲಜಿ. ಹೋದ ವಾರ ಡ್ರೊಸೊಫಿಲಾ ಅಂದ್ರೆ ಹಣ್ಣಿನ ನೊಣದ ಲಾರ್ವಾ (ಮರಿಹುಳ) ಬಿಡಿಸಿ ಜೊಲ್ಲುಗ್ರಂಥಿ ತೆಗೆದು ದೊಡ್ಡ ಕ್ರೋಮೋಸೋಮ್ ನೋಡೋ ಪ್ರಾಕ್ಟಿಕಲ್ ಇತ್ತು. ಮಾಡಿದವ್ರಿಗೆ ಗೊತ್ತಿರ್ತದೆ, ಒಂದು ಸೂಜಿಲಿ ಬಾಯಿ ಹತ್ರದ ಕರಿ ಕೊಕ್ಕೆ ಒತ್ತಿ ಇನ್ನೊಂದ್ರಲ್ಲಿ ಮೈ ಹಿಡಿದು ಮೆಲ್ಲ ಎಳೀಬೇಕು. ನಂಗೆ ಗ್ರಂಥಿ ಒಂದು ಬಿಟ್ಟು ಬಾಕಿ ಎಲ್ಲ ಬಂತು, ಕರುಳು, ಕೊಬ್ಬು, ಮತ್ತೆ ದಾರದ ಥರ ಸುರುಳಿ ಸುತ್ತಿದ ನಾಲ್ಕು ನಳಿಗೆ. ಅದು ಮಾಲ್ಪೀಜಿಯನ್ ನಳಿಗೆ, ನಮ್ಮ ಕಿಡ್ನಿ ಮಾಡೋ ಕೆಲ್ಸ ಹುಳದಲ್ಲಿ ಅದು ಮಾಡೋದು ಅಂತ ಓದಿದ್ದೆ.

ಈಗ ವಿಷ್ಯ ಎಂತ ಅಂದ್ರೆ ಕೆಂಪು ಕಣ್ಣಿನ ಬಾಟಲಿಯ ಲಾರ್ವಾದಲ್ಲಿ ಈ ನಳಿಗೆ ತಿಳಿ ಹಳದಿ, ಬಿಳಿ ಕಣ್ಣಿನ ಬಾಟಲಿಯ ಲಾರ್ವಾದಲ್ಲಿ ಬಣ್ಣವೇ ಇಲ್ಲ, ನೀರಲ್ಲಿ ನೆನೆದ ನೂಲಿನ ಹಾಗೆ. ನನ್ನ ಕಣ್ಣೇ ಸರಿ ಇಲ್ವೇನೋ ಅಂತ ಐದೈದು ಲಾರ್ವಾ ಬಿಡಿಸಿ ನೋಡ್ದೆ, ಎಲ್ಲದ್ರಲ್ಲೂ ಅದೇ. ಸರ್ ಹತ್ರ ಕೇಳಿದ್ರೆ ಅದು ಸಿಲೆಬಸ್‌ಲಿ ಇಲ್ಲ ಮೊದ್ಲು ಗ್ರಂಥಿ ಹುಡುಕು ಅಂದ್ರು. ಆಮೇಲೆ ವೈವಾದಲ್ಲಿ ಈ ಬಿಳಿ ಕಣ್ಣಿಗೆ ಸಂಬಂಧಪಟ್ಟ ವೈಟ್ ಜೀನ್ ಕೆಲ್ಸ ಎಂತದು ಅಂತ ನಂಗೇ ಕೇಳಿದ್ರು, ಕಣ್ಣು ಬೆಳ್ಳಗೆ ಮಾಡೋದು ಸರ್ ಅಂದೆ, ಇಡೀ ಬ್ಯಾಚು ನಕ್ತು, ಆದ್ರೆ ಸರಿ ಉತ್ತರ ಎಂತ ಅಂತ ನಕ್ಕವ್ರಿಗೂ ಗೊತ್ತಿರ್ಲಿಲ್ಲ ಅದು ಬೇರೆ ಮಾತು.

ಹಾಗಾದ್ರೆ ಇದು ಕಣ್ಣಿನ ಜೀನಾ, ಕಿಡ್ನಿ ಜೀನಾ? ಇನ್ನೂ ಲಾರ್ವಾ, ಅದಕ್ಕೆ ದೊಡ್ಡ ನೊಣದ ಕಣ್ಣೇ ಬಂದಿರೋದಿಲ್ಲ, ಅಷ್ಟು ಬೇಗ ಈ ಜೀನಿಗೆ ಅಲ್ಲಿ ಎಂತ ಕೆಲ್ಸ? ಎಕ್ಸ್‌ಪ್ರೆಶನ್ ಎಕ್ಸ್‌ಪ್ರೆಶನ್ ಅಂತಾರಲ್ಲ ಅದನ್ನ ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳಿ.

ಕರಿಇಶಾಡು_ಅಂಕೋಲೆ:

ತಂಗೀ ಇದಕ್ಕೆ ಅಷ್ಟೆಲ್ಲ ತಲೆ ಕೆಡಿಸ್ಕೊಬೇಡ, ಮೀಥೈಲ್ ಯುಜಿನಾಲ್ ಹಾಕಿದ ಟ್ರ್ಯಾಪ್ ಸಿಗ್ತದೆ, ಮರಕ್ಕೆ ಕಟ್ಟಿದ್ರೆ ಗಂಡು ನೊಣ ಎಲ್ಲ ಬಂದು ಬೀಳ್ತದೆ. ನಮ್ಮ ಇಶಾಡು ಮರಕ್ಕೆ ಕಟ್ಟಿದ ಮೇಲೆ ಹಣ್ಣು ಕೊಯ್ದಾಗ ಒಳಗೆ ಹುಳ ಕಡಿಮೆ.

ಕೋಡಿಬಾಗ_ಕಡಲು:

ಅಣ್ಣಾ ನೀವು ಹೇಳೋ ನೊಣ ಬೇರೆ 😄 ಮಾವಿಗೆ ಚುಚ್ಚಿ ಒಳಗೆ ಮೊಟ್ಟೆ ಇಡೋದು ಬ್ಯಾಕ್ಟ್ರೋಸೆರಾ, ಮನೆನೊಣದಷ್ಟು ಇರ್ತದೆ. ಇವಳು ಕೇಳ್ತಾ ಇರೋದು ಬಾಳೆಗೊನೆ ಕಳಿತಾ ಬಂದಾಗ, ಹಲಸಿನ ಸಿಪ್ಪೆ ಹಿತ್ಲಲ್ಲಿ ಬಿದ್ದಾಗ ಸುತ್ತ ಹಾರ್ತದಲ್ಲ ಆ ಸಣ್ಣ ಗುಂಗುರು. ಹೆಸರು ಮಾತ್ರ ಎರಡಕ್ಕೂ ಹಣ್ಣಿನ ನೊಣ.

ಈಗ ಮಳೆಹುಡುಗಿ, ನಿನ್ನ ಪ್ರಶ್ನೆ. ಮೊದ್ಲು ನಿನ್ನ ಬೆನ್ನು ತಟ್ಟಬೇಕು, ಗ್ರಂಥಿ ಸಿಗದೆ ಇದ್ದದ್ದೇ ಒಳ್ಳೇದಾಯ್ತು. ನಾನು ಕೆಲವು ವರ್ಷ ನೊಣದ ಲ್ಯಾಬಲ್ಲಿ ಇದ್ದವಳು, ಈಗ ಊರಿಗೆ ಬಂದು ಬೇರೆ ಕೆಲ್ಸ, ಆದ್ರೂ ನೊಣ ಅಂದ್ರೆ ಕಿವಿ ನೆಟ್ಟಗಾಗ್ತದೆ.

ನೊಣದವ್ರಿಗೆ ಒಂದು ಕೆಟ್ಟ ಚಾಳಿ ಉಂಟು, ಜೀನಿಗೆ ಹೆಸರಿಡೋದು ಅದು ಮಾಡೋ ಕೆಲ್ಸ ನೋಡಿ ಅಲ್ಲ, ಅದು ಕೆಟ್ಟಾಗ ಕಾಣೋದನ್ನ ನೋಡಿ. ವೈಟ್ ಜೀನ್ ಸರಿ ಇದ್ರೆ ಕಣ್ಣು ಇಟ್ಟಿಗೆ ಕೆಂಪು, ಕೆಟ್ರೆ ಬಿಳಿ. ಹಾಗೇ ಐಲೆಸ್ ಅನ್ನೋ ಜೀನ್ ಕಣ್ಣು ಕಟ್ಟಲಿಕ್ಕೆ ಬೇಕಾದ ಜೀನ್, ಅದು ಕೆಟ್ಟಾಗ ಕಣ್ಣಿಲ್ಲ ಅಂತ ಐಲೆಸ್. ಅದಕ್ಕೇ ನೀನು ವೈವಾದಲ್ಲಿ ಹಾಗೆ ಹೇಳಿದ್ದು ನಿನ್ನ ತಪ್ಪಲ್ಲ, ಹೆಸರಿಟ್ಟವ್ರ ತಪ್ಪು.

ಕೆಲ್ಸ ಎಂತ ಅಂದ್ರೆ ವೈಟ್ ಜೀನ್ ಬಣ್ಣವನ್ನ ತಯಾರಿಸೋದೇ ಇಲ್ಲ. ಅದು ಸಾಗಿಸೋ ಪ್ರೋಟೀನು, ಎಬಿಸಿ ಟ್ರಾನ್ಸ್‌ಪೋರ್ಟರ್ ಅಂತ ದೊಡ್ಡ ಕುಟುಂಬದ್ದು, ಎಟಿಪಿ ಅನ್ನೋ ಕೋಶದ ಇಂಧನ ಖರ್ಚು ಮಾಡಿ ಪೊರೆಯ ಈಚೆಯ ಸಾಮಾನು ಆಚೆ ದಾಟಿಸೋದು. ಕಣ್ಣಿನ ಕೋಶದೊಳಗೆ ಬಣ್ಣ ತುಂಬೋ ಸಣ್ಣ ಸಣ್ಣ ಚೀಲ ಇರ್ತದೆ, ಅದರ ಪೊರೆಯಲ್ಲಿ ಈ ಪ್ರೋಟೀನು ಕೂತಿರ್ತದೆ. ಆದ್ರೆ ಇದು ಅರ್ಧ ಪಂಪು ಅಷ್ಟೇ, ಒಂಟಿಯಾಗಿ ಕೆಲ್ಸ ಮಾಡೋದಿಲ್ಲ, ಜೋಡಿ ಬೇಕು. ಬ್ರೌನ್ ಅನ್ನೋ ಜೀನಿನ ಪ್ರೋಟೀನ್ ಜೊತೆ ಸೇರಿದ್ರೆ ಗ್ವಾನಿನ್ ಕಡೆಯ ಕಚ್ಚಾಮಾಲು ಒಳಗೆ ಹೋಗಿ ಕೆಂಪು ಬಣ್ಣ ಆಗ್ತದೆ. ಸ್ಕಾರ್ಲೆಟ್ ಜೊತೆ ಸೇರಿದ್ರೆ ಟ್ರಿಪ್ಟೊಫಾನ್ ಕಡೆಯದ್ದು ಹೋಗಿ ಕಂದು ಬಣ್ಣ ಆಗ್ತದೆ. ನೊಣದ ಕಣ್ಣು ಅಂದ್ರೆ ಈ ಎರಡರ ಮಿಶ್ರಣ. ಬ್ರೌನ್ ಕೆಟ್ರೆ ಕೆಂಪು ಹೋಗಿ ಕಂದು ಉಳೀತದೆ, ಸ್ಕಾರ್ಲೆಟ್ ಕೆಟ್ರೆ ಕಂದು ಹೋಗಿ ಕಣ್ಣು ಕುಕ್ಕೋ ಕೆಂಪು. ಎರಡೂ ಜೋಡಿಗೆ ವೈಟೇ ಬೇಕಾದ್ರಿಂದ ಅದೊಂದು ಹೋದ್ರೆ ಎರಡೂ ಇಲ್ಲ, ಬೆಳ್ಳಗೆ.

ನಳಿಗೆ ವಿಷ್ಯ ಆಮೇಲೆ ಬರೀತೆ, ಮೀನು ಒಲೆ ಮೇಲೆ ಉಂಟು.

ಚೊಗರುಹಂಡೆ:

ಯಂಗಂತೂ ಮೊದ್ಲು ತಲೆ ಬುಡ ಅರ್ಥ ಆಜಿಲ್ಲೆ, ಎರಡನೇ ಸಲ ಓದಿದ್ಮೇಲೆ ಹೊಳೆತು. ನಮ್ಮನೇಲಿ ಹಸಿ ಅಡಿಕೆ ಸುಲಿದು ಬೇಯಿಸ್ವಾಗ ಹಂಡೆಗೆ ಚೊಗರು ಹಾಕ್ತ್ಯ, ಕೆಂಪು ಬರದು ಅದ್ರಿಂದ. ಚೊಗರು ಡ್ರಮ್ಮಲ್ಲಿ ಬೇಕಾದಷ್ಟು ಇದ್ದು, ಎತ್ತಿ ತಂದು ಹೊಯ್ಯೋ ಆಳೇ ಬಂಜಿಲ್ಲೆ ಅಂದ್ರೆ ಅಡಿಕೆ ಬೆಳ್ಳಗೇ ಉಳೀತು. ಈ ವೈಟು ಹೇಳದು ಚೊಗರಲ್ಲ, ಆಳು. ಹೌದಾ ಅಲ್ದಾ? ಮತ್ತೆ ಆ ಡ್ರಮ್ಮು ಒಬ್ರೇ ಎತ್ತುಲೆ ಆಗ್ತಿಲ್ಲೆ, ಇಬ್ರು ಬೇಕು. ಆಳಿನ ತಾಪತ್ರಯ ನೊಣಕ್ಕೂ ತಪ್ಪಿದ್ದಲ್ಲ ಅಂತಾತು.

ಕೋಡಿಬಾಗ_ಕಡಲು:

ಭಟ್ರೇ ನಾನು ಇಷ್ಟುದ್ದ ಬರೆದದ್ದಕ್ಕಿಂತ ನಿಮ್ಮ ನಾಲ್ಕು ಸಾಲೇ ಸರಿ ಆಯ್ತು. ನಿಮ್ಮ ಡ್ರಮ್ಮಿನ ಲೆಕ್ಕದಲ್ಲೇ ಮುಂದೆ ಹೋಗುವ.

ಚೊಗರು ಉಂಟು ಆಳಿಲ್ಲ ಅನ್ನೋದನ್ನ 1935-36ರ ಹೊತ್ತಿಗೆ ಬೀಡಲ್ ಮತ್ತು ಎಫ್ರುಸಿ ಅನ್ನೋ ಇಬ್ರು ಎಷ್ಟು ಚಂದ ಪ್ರಯೋಗ ಮಾಡಿದ್ರು ಅಂದ್ರೆ ನಂಗೆ ಈಗ್ಲೂ ಹೊಟ್ಟೆಕಿಚ್ಚು. ಲಾರ್ವಾದ ಒಳಗೆ ಮುಂದೆ ಕಣ್ಣಾಗೋ ತುಂಡು ಚಪ್ಪಟೆ ಬಿಲ್ಲೆ ಹಾಗೆ ಮೊದ್ಲೇ ಇರ್ತದೆ. ಅದನ್ನ ಒಂದು ಲಾರ್ವಾದಿಂದ ತೆಗೆದು ಇನ್ನೊಂದು ಲಾರ್ವಾದ ಹೊಟ್ಟೆಗೆ ಸೇರಿಸಿದ್ರು, ಆ ನೊಣ ದೊಡ್ಡದಾದಾಗ ಹೊಟ್ಟೆ ಒಳಗೆ ಒಂದು ಹೆಚ್ಚುವರಿ ಕಣ್ಣು! ವರ್ಮಿಲಿಯನ್ ಅನ್ನೋ ಬೇರೆ ಜೀನ್ ಕೆಟ್ಟ ಬಿಲ್ಲೆಯನ್ನ ಸರಿ ಇರೋ ಲಾರ್ವಾದೊಳಗೆ ಇಟ್ಟಾಗ ಕಣ್ಣಿಗೆ ಸರಿಯಾದ ಬಣ್ಣ ಬಂತು, ಯಾಕಂದ್ರೆ ಅದಕ್ಕೆ ಕೊರತೆ ಇದ್ದ ಸಾಮಾನು ಆ ಲಾರ್ವಾದ ರಕ್ತದಿಂದ ಸಿಕ್ತು. ವೈಟ್ ಕೆಟ್ಟ ಬಿಲ್ಲೆ ಇಟ್ಟಾಗ ಬಿಳಿಯೇ ಉಳೀತು. ಸುತ್ತ ರಕ್ತದ ತುಂಬ ಸಾಮಾನಿದೆ, ಒಳಗೆ ತಗೊಳ್ಳೋ ಆಳಿಲ್ಲ. ಪ್ರೋಟೀನಿನ ರೂಪ ಯಾರಿಗೂ ಗೊತ್ತಿಲ್ಲದ ಕಾಲ ಅದು, ಜೀನನ್ನ ಕ್ಲೋನ್ ಮಾಡಿದ್ದೇ 1981ರಲ್ಲಿ.

ಈಗ ಹಳದಿ ನಳಿಗೆ. ವೈಟ್ ಜೀನ್ ನೊಣದ ಎಲ್ಲಾ ಕೋಶದಲ್ಲೂ ಉಂಟು, ಕಾಲಲ್ಲೂ ಉಂಟು ರೆಕ್ಕೆಯಲ್ಲೂ ಉಂಟು. ಆದ್ರೆ ಅದನ್ನ ಓದಿ ಅದರ ನಕಲು ಅಂದ್ರೆ ಆರ್‌ಎನ್‌ಎ ಮಾಡಿ ಪ್ರೋಟೀನ್ ಮಾಡೋದು ಕೆಲವೇ ಜಾಗದಲ್ಲಿ, ಕೆಲವೇ ಹೊತ್ತಲ್ಲಿ. ಎಕ್ಸ್‌ಪ್ರೆಶನ್ ಅಂದ್ರೆ ಅಷ್ಟೇ, ಎಲ್ಲಿ, ಯಾವಾಗ, ಎಷ್ಟು. ಮಾಲ್ಪೀಜಿಯನ್ ನಳಿಗೆ ರಕ್ತದಿಂದ ಟ್ರಿಪ್ಟೊಫಾನು, ಅದ್ರಿಂದ ಆಗೋ ಕೈನುರೆನಿನ್ನು, ಗ್ವಾನಿನ್ನು ಇದನ್ನೆಲ್ಲ ಎಳ್ಕೊಂಡು ಒಳಗೆ ಶೇಖರಣೆ ಮಾಡ್ತದೆ, ಅಲ್ಲೂ ಎಳಿಯೋದು ಇದೇ ಆಳು. ಅದಿಲ್ಲದ ನೊಣದ ನಳಿಗೆ ಇವನ್ನ ಹಿಡಿದಿಡೋದಿಲ್ಲ, ಅದಕ್ಕೇ ನಿಂಗೆ ನೀರಿನ ಹಾಗೆ ಕಂಡದ್ದು. ಲಾರ್ವಾಕ್ಕೆ ಕಣ್ಣು ಆಮೇಲೆ ಸಾಕು, ಆದ್ರೆ ಮೊಟ್ಟೆ ಒಡೆದ ದಿನದಿಂದ ತಿಂತದೆ, ಹಾಗಾಗಿ ನಳಿಗೆ ಕೆಲ್ಸ ಅವತ್ತಿಂದಲೇ ಶುರು. ಕಣ್ಣಲ್ಲಿ ಬಣ್ಣ ಬರೋದು ಲಾರ್ವಾ ಗಟ್ಟಿ ಚಿಪ್ಪೊಳಗೆ ಕೂತು ಪ್ಯೂಪಾ ಆದ ಮೇಲೆ, ಬಾಟಲಿ ಗೋಡೆಗೆ ಅಂಟಿದ ಪ್ಯೂಪಾಗಳನ್ನ ದಿನಾ ಲೆನ್ಸ್ ಇಟ್ಟು ನೋಡು, ಮೊದ್ಲು ಕಣ್ಣಿನ ಜಾಗ ಬಿಳಿ, ಆಮೇಲೆ ಹಳದಿ, ಆಮೇಲೆ ಜೇನಿನ ಬಣ್ಣ, ಕೊನೆಗೆ ಕೆಂಪು.

ಇನ್ನೊಂದು ಜಾಗ ಉಂಟು, ದೊಡ್ಡ ಗಂಡು ನೊಣ ಬಿಡಿಸಿದ್ರೆ ಸುರುಳಿ ಸುತ್ತಿದ ವೃಷಣ ಹಳದಿ ಇರ್ತದೆ, ಬಿಳಿ ಕಣ್ಣಿನ ಗಂಡಲ್ಲಿ ಅದೂ ಬಣ್ಣಗೆಟ್ಟಿರ್ತದೆ. ಜೀನಿನ ಪಕ್ಕದಲ್ಲಿ ಡಿಎನ್‌ಎಯ ಸ್ವಿಚ್ಚಿನ ತುಂಡುಗಳಿರ್ತವೆ, ಕಣ್ಣಿಗೆ ಬೇರೆ, ವೃಷಣಕ್ಕೆ ಬೇರೆ. ಒಂದು ಸ್ವಿಚ್ಚು ಹಾಳಾದ್ರೂ ಇನ್ನೊಂದು ಕಡೆ ದೀಪ ಉರೀತದೆ, ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಫೇಸ್ ಹೋದ ಹಾಗೆ.

ನಿವೃತ್ತ_ಮೇಷ್ಟ್ರು_ಕುಮಟಾ:

ಚರ್ಚೆ ಓದಿ ಸಂತೋಷ ಆಯಿತು. ಆದರೆ ಈ ಜೀನಿನ ಮಾತು ಬಂದಾಗ ತಳಿವಿಜ್ಞಾನಿ ಮಾರ್ಗನ್‌ರ ಲೆಕ್ಕ ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. 1910, ಕೊಲಂಬಿಯಾ ವಿಶ್ವವಿದ್ಯಾಲಯ, ಬಾಟಲಿಯೊಂದರಲ್ಲಿ ಒಂದೇ ಒಂದು ಬಿಳಿ ಕಣ್ಣಿನ ಗಂಡು. ಅದನ್ನು ಕೆಂಪು ಕಣ್ಣಿನ ಹೆಣ್ಣುಗಳ ಜೊತೆ ಬಿಟ್ಟರು, ಮಕ್ಕಳು 1237 ಕೆಂಪು, ಮೂರೇ ಮೂರು ಬಿಳಿ ಗಂಡು. ಮೊಮ್ಮಕ್ಕಳಲ್ಲಿ ಕೆಂಪು ಹೆಣ್ಣು 2459, ಕೆಂಪು ಗಂಡು 1011, ಬಿಳಿ ಗಂಡು 782, ಬಿಳಿ ಹೆಣ್ಣು ಒಂದೂ ಇಲ್ಲ. ಅಲ್ಲಿಂದಲೇ ಜೀನು, ಹೆಣ್ಣಿಗೆ ಎರಡು ಗಂಡಿಗೆ ಒಂದೇ ಇರುವ ಎಕ್ಸ್ ಕ್ರೋಮೋಸೋಮಿನ ಮೇಲೆ ಇದೆ ಅನ್ನುವ ಮಾತು ಹುಟ್ಟಿದ್ದು, 1933ರಲ್ಲಿ ನೊಬೆಲ್ ಬಂದಿದ್ದು. ನಾನು ಇದನ್ನು ಇಪ್ಪತ್ತೆಂಟು ವರ್ಷ ಬೋರ್ಡ್ ಮೇಲೆ ಬರೆದೆ, ಸೀಮೆಸುಣ್ಣ ಎಷ್ಟು ಸವೆಯಿತೋ, ಒಮ್ಮೆಯೂ ಒಬ್ಬ ಹುಡುಗನಿಗೂ ಲಾರ್ವಾದ ನಳಿಗೆ ತೋರಿಸಲಿಲ್ಲ. ನನಗೇ ಗೊತ್ತಿರಲಿಲ್ಲ ಎಂದು ಹೇಳಲು ಈಗ ನಾಚಿಕೆ ಇಲ್ಲ.

ಮಳೆಹುಡುಗಿ_ಶಿರ್ಸಿ:

ಕೋಡಿಬಾಗದ ಅಕ್ಕಾ ತುಂಬಾ ತುಂಬಾ ಥ್ಯಾಂಕ್ಸ್, ಭಟ್ರ ಆಳು ಇನ್ನು ಜನ್ಮದಲ್ಲಿ ಮರೆಯೋದಿಲ್ಲ. ಇನ್ನೊಂದೇ ಒಂದು. ಡಿಪಾರ್ಟ್‌ಮೆಂಟ್ ಕಪಾಟಲ್ಲಿ ಮೂರನೇ ಬಾಟಲಿ ಇದೆ, ಲೇಬಲ್ ಪೆನ್ಸಿಲ್‌ಲಿ ಬರೆದದ್ದು ಅಳಿಸಿ ಹೋಗಿದೆ, ಅದ್ರ ನೊಣದ ಕಣ್ಣು ಕೆಂಪೂ ಅಲ್ಲ ಬಿಳಿಯೂ ಅಲ್ಲ ಕಿತ್ತಳೆ, ಕಳಿತಾ ಬಂದ ಗೋಟಡಿಕೆ ಸಿಪ್ಪೆ ಬಣ್ಣ. ಆಳು ಬಂದ್ರೆ ಕೆಂಪು ಬರದಿದ್ರೆ ಬಿಳಿ ಅಂತಾದ್ರೆ ಇದು ಎಂತ, ಅರ್ಧ ದಿನ ಬಂದ ಆಳಾ?

ಬಾಟಲಿನೊಣ:

ಅರ್ಧ ದಿನದ ಆಳು 😂 ಹೆಚ್ಚೂ ಕಡಿಮೆ ಅದೇ. ನಾನು ಮೈಸೂರು ಕಡೆಯವನು, ಮಾನಸಗಂಗೋತ್ರಿಯ ಡ್ರೊಸೊಫಿಲಾ ಸ್ಟಾಕ್ ಸೆಂಟರಿಂದ ಬಾಟಲಿ ತಂದು ಕಾಲೇಜಲ್ಲಿ ಸಾಕಿದ ಅನುಭವದ ಮೇಲೆ ಹೇಳ್ತೀನಿ. ಎರಡು ಸಾಧ್ಯತೆ ಇದೆ. ಒಂದು, ಅದು ವೈಟ್ ಜೀನಿನದ್ದೇ ಇನ್ನೊಂದು ರೂಪ, ಏಪ್ರಿಕಾಟ್ ಅಂತಾರೆ. ಜೀನಿನ ಮಧ್ಯೆ ಕೋಪಿಯಾ ಅನ್ನೋ ಜಿಗಿಯೋ ಡಿಎನ್‌ಎ ತುಂಡು ಬಂದು ಕೂತಿದೆ, ಅದರಿಂದ ಸರಿಯಾದ ಆರ್‌ಎನ್‌ಎ ಪೂರ್ತಿ ನಿಂತಿಲ್ಲ, ಕಮ್ಮಿ ಆಗುತ್ತೆ ಅಷ್ಟೇ. ಇನ್ನೊಂದು, ಯಾವುದೋ ಸಂಶೋಧನೆ ಲ್ಯಾಬಿನ ಟ್ರಾನ್ಸ್‌ಜೀನಿಕ್ ನೊಣ ಇರಬಹುದು. ಅವರು ಬಿಳಿ ಕಣ್ಣಿನ ನೊಣಕ್ಕೆ ಹೊಸ ಜೀನ್ ಸೇರಿಸುವಾಗ ಜೊತೆಗೆ ಮಿನಿವೈಟ್ ಅಂತ ಕತ್ತರಿಸಿ ಚಿಕ್ಕದು ಮಾಡಿದ ವೈಟ್ ಜೀನನ್ನೂ ಗುರುತಿಗೆ ಕಟ್ಟಿರ್ತಾರೆ, ಕಣ್ಣಿಗೆ ಬಣ್ಣ ಬಂದ್ರೆ ಸೇರಿಸಿದ್ದು ಒಳಗೆ ಕೂತಿದೆ ಅಂತ ಲೆಕ್ಕ.

ಮಿನಿವೈಟಿನ ಮಜಾ ಏನಂದ್ರೆ ಅದೇ ತುಂಡು ಒಂದು ನೊಣದಲ್ಲಿ ತಿಳಿಹಳದಿ, ಇನ್ನೊಂದರಲ್ಲಿ ಗಾಢ ಕೆಂಪು ಕೊಡುತ್ತೆ, ಕ್ರೋಮೋಸೋಮಿನ ಯಾವ ಬೀದೀಲಿ ಮನೆ ಸಿಕ್ಕಿತು ಅನ್ನೋದರ ಮೇಲೆ. ಗಿಜಿಗುಡೋ ಪೇಟೆ ಬೀದಿ ಸಿಕ್ಕಿದ್ರೆ ಜೀನ್ ಜೋರಾಗಿ ಓದಿಸ್ಕೊಳ್ಳುತ್ತೆ, ಮುದುರಿ ಗಟ್ಟಿಯಾದ ಹೆಟರೋಕ್ರೊಮ್ಯಾಟಿನ್ ಪಕ್ಕ ಸಿಕ್ಕಿದ್ರೆ ಬಾಯಿ ಮುಚ್ಕೊಳ್ಳುತ್ತೆ. ಇದನ್ನ 1930ರಲ್ಲೇ ಮುಲ್ಲರ್ ಅನ್ನೋ ತಳಿವಿಜ್ಞಾನಿ ಎಕ್ಸ್‌ರೇ ಹೊಡೆದ ನೊಣಗಳಲ್ಲಿ ಕಂಡಿದ್ದ, ಕ್ರೋಮೋಸೋಮಿನ ತುಂಡು ತಿರುಗಿ ಕೂತು ವೈಟ್ ಜೀನ್ ಆ ಗಟ್ಟಿ ಭಾಗದ ಹತ್ತಿರ ಹೋಗಿ ಬಿದ್ದಿತ್ತು, ಜೀನ್ ಕೆಟ್ಟಿಲ್ಲ, ಜಾಗ ಕೆಟ್ಟಿದೆ, ಕಣ್ಣು ಕೆಂಪು ಬಿಳಿ ಚುಕ್ಕೆ ಚುಕ್ಕೆ. ಅಂಥ ನೊಣವನ್ನ ಚಳೀಲಿ ಬೆಳೆಸಿದ್ರೆ ಬಿಳಿ ಹೆಚ್ಚು, ಸೆಖೇಲಿ ಬೆಳೆಸಿದ್ರೆ ಕೆಂಪು ಹೆಚ್ಚು.

ನಿಮ್ಮ ಬಾಟಲಿ ಯಾವುದು ಅಂತ ನೋಡೋಕೆ ಬಿಳಿ ಕಣ್ಣಿನ ಕನ್ಯೆ ಹೆಣ್ಣುಗಳನ್ನ ಆರಿಸಿ, 25 ಡಿಗ್ರೀಲಿ ಪ್ಯೂಪಾದಿಂದ ಹೊರಬಂದು 8 ಗಂಟೆ ಒಳಗೆ ತೆಗೀಬೇಕು ಇಲ್ಲಾಂದ್ರೆ ಅಲ್ಲೇ ಮದುವೆ ಮುಗಿದಿರುತ್ತೆ, ಅವನ್ನ ಕಿತ್ತಳೆ ಗಂಡಿನ ಜೊತೆ ಬಿಡಿ. ಗಂಡುಮಕ್ಕಳೆಲ್ಲ ಬಿಳಿ, ಹೆಣ್ಣುಮಕ್ಕಳು ಮಾತ್ರ ಕಿತ್ತಳೆ ಬಂದ್ರೆ ಅದು ಎಕ್ಸ್ ಮೇಲಿದೆ, ಏಪ್ರಿಕಾಟ್ ಇರೋ ಸಾಧ್ಯತೆ ಜಾಸ್ತಿ. ಗಂಡು ಹೆಣ್ಣು ಎರಡರಲ್ಲೂ ಬಣ್ಣ ಬಂದ್ರೆ ಬೇರೆ ಕ್ರೋಮೋಸೋಮ್ ಮೇಲಿದೆ, ಮಿನಿವೈಟ್. ಒಂದೇ ವಯಸ್ಸಿನ ನೊಣಗಳನ್ನೇ ಹೋಲಿಸಿ, ಮಿನಿವೈಟ್ ಕಣ್ಣು ದಿನ ಕಳೆದ ಹಾಗೆ ಗಾಢ ಆಗುತ್ತೆ.

ಕೋಡಿಬಾಗ_ಕಡಲು:

ಚೆನ್ನಾಗಿ ಹೇಳಿದ್ರಿ. ಶಿರ್ಸಿಯಲ್ಲಿ ಚಳಿಗಾಲ ಆದ್ದರಿಂದ ಬಚಾವ್, ನಾವು ಕರಾವಳಿಯವ್ರು ಎಪ್ರಿಲ್‌ಲಿ ಏಸಿ ಇಲ್ಲದ ರೂಮಲ್ಲಿ ಬಾಟಲಿ ಇಟ್ಟು ಎರಡು ಸಲ ಕೈ ಸುಟ್ಕೊಂಡಿದ್ದೇವೆ, 30 ಡಿಗ್ರಿ ಹತ್ರ ಬಂದ್ರೆ ಗಂಡುಗಳಿಗೆ ವೀರ್ಯವೇ ಆಗೋದಿಲ್ಲ, ಬಾಟಲಿ ತುಂಬ ನೊಣ, ಒಂದು ಲಾರ್ವಾ ಇಲ್ಲ.

ಮತ್ತೊಂದು ಎಚ್ಚರಿಕೆ, ಯಾಕಂದ್ರೆ ಪ್ರತೀ ವರ್ಷ ಯಾರಾದ್ರೂ ಒಬ್ರು ಈ ಪ್ರಾಜೆಕ್ಟ್ ಮಾಡ್ತಾರೆ. ನನ್ನ ಜೊತೆಯ ಹುಡುಗನೊಬ್ಬ ಕೆಂಪು ಕಣ್ಣಿನ ಗಂಡು, ಬಿಳಿ ಕಣ್ಣಿನ ಗಂಡು ಎರಡನ್ನೂ ಒಂದೇ ಹೆಣ್ಣಿನ ಜೊತೆ ಬಿಟ್ಟು, ಕೆಂಪಿನವನೇ ಗೆಲ್ತಾನೆ, ಹೆಣ್ಣಿಗೆ ಬಿಳಿ ಕಣ್ಣು ಇಷ್ಟ ಇಲ್ಲ ಅಂತ ರಿಪೋರ್ಟ್ ಬರೆದಿದ್ದ. ಹಾಗಲ್ಲ. ನೊಣದ ಕಣ್ಣಲ್ಲಿ ಸುಮಾರು 750-800 ಸಣ್ಣ ಕಣ್ಣುಗಳು, ಬಣ್ಣ ಅಂದ್ರೆ ಒಂದರ ಬೆಳಕು ಪಕ್ಕದ್ದಕ್ಕೆ ಹೋಗದ ಹಾಗೆ ಕಟ್ಟಿದ ಪರದೆ. ಬಿಳಿ ಕಣ್ಣಿನವನಿಗೆ ಪರದೆ ಇಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಬೈತಕೋಲ್ ಬಂದರಲ್ಲಿ ನಿಂತು ನೀರು ನೋಡಿದ ಹಾಗೆ ಬರೀ ಝಳ, ಹೆಣ್ಣು ಎಲ್ಲಿ ಅಂತಲೇ ಸರಿ ಕಾಣೋದಿಲ್ಲ. ಅದೇ ಪ್ರಯೋಗ ಕತ್ತಲಲ್ಲೂ ಮಾಡಿ ನೋಡು ಅಂದ್ರೆ ಕೇಳ್ಲಿಲ್ಲ, ರಿಪೋರ್ಟ್ ಬೈಂಡಿಂಗ್ ಆಗಿತ್ತು.

ಇದರ ನೆಂಟರು ನಮ್ಮಲ್ಲೂ ಇದ್ದಾರೆ, ಎಬಿಸಿಜಿ ಅಂತ ಗುಂಪು. ಅದ್ರಲ್ಲಿ ಎಬಿಸಿಜಿ2 ಅನ್ನೋದು ನಮ್ಮ ಕಿಡ್ನಿ, ಕರುಳಲ್ಲಿ ಯೂರಿಕ್ ಆಸಿಡ್ ಹೊರಗೆ ಹಾಕಲಿಕ್ಕೆ ಸಹಾಯ ಮಾಡ್ತದೆ, ಅದರ ಒಂದು ದುರ್ಬಲ ರೂಪ ಇದ್ದವ್ರಿಗೆ ಗೌಟ್, ಅಂದ್ರೆ ಯೂರಿಕ್ ಆಸಿಡ್ ಹೆಚ್ಚಾಗಿ ಗಂಟು ಊದೋ ಕಾಯಿಲೆ, ಆಗೋ ಸಾಧ್ಯತೆ ಹೆಚ್ಚು. ಇನ್ನೊಂದು ಎಬಿಸಿಜಿ1, ಕೋಶದಿಂದ ಕೊಲೆಸ್ಟರಾಲ್ ಹೊರಗೆ ಸಾಗಿಸೋದು. ಎಲ್ಲ ಸಾಮಾನು ಹೊರೋ ಕುಟುಂಬವೇ.

ಚೊಗರುಹಂಡೆ:

ಗೌಟಾ? ಯಮ್ಮನೆ ಆಯಿಗೆ ಕಾಲು ಹೆಬ್ಬೆಟ್ಟು ಊದ್ತು, ಡಾಕ್ಟ್ರು ಯೂರಿಕ್ ಆಸಿಡ್ ಹೇಳಿದ್ರು. ಅಲ್ಲೂ ಆಳು ಬಂಜಿಲ್ಲೆ ಕಾಣ್ತು.

ಕೋಡಿಬಾಗ_ಕಡಲು:

ಅದಕ್ಕೆ ನೂರೆಂಟು ಕಾರಣ ಇರ್ತದೆ ಭಟ್ರೇ, ಆಯಿ ಡಾಕ್ಟ್ರು ಹೇಳಿದ ಮಾತ್ರೆ ತಗೊಳ್ಳಲಿ, ನೊಣದವಳ ಮಾತು ಕೇಳಿ ನಿಲ್ಲಿಸ್ಬೇಡಿ.

ಮಳೆಹುಡುಗಿ_ಶಿರ್ಸಿ:

ಹದಿನೈದು ದಿನ ಆದ್ಮೇಲೆ ಬರೀತಾ ಇದ್ದೆ, ಸಾರಿ. ಮೊದಲ ಸಲ ಕ್ರಾಸ್ ಹಾಳಾಯ್ತು. ಬಾಟಲಿನೊಣ ಸರ್ ನೀವು ಪಕ್ಕದ ಪೋಸ್ಟಲ್ಲಿ ಕೊಟ್ಟ ಆಹಾರದ ಲೆಕ್ಕ, ಲೀಟರಿಗೆ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಅಗರ್ 10 ಗ್ರಾಂ, ಪ್ರೊಪಿಯೋನಿಕ್ ಆಸಿಡ್ 7.5 ಮಿಲಿ, ಅದ್ರಲ್ಲಿ ಬೆಲ್ಲದ ಬದ್ಲು ಮನೆ ಜೋನಿ ಬೆಲ್ಲ ಅದೇ ಅಂದಾಜಲ್ಲಿ ಹೊಯ್ದೆ, ನೀರಾಗಿ ಅಗರ್ ಗಟ್ಟಿ ಕೂರ್ಲೇ ಇಲ್ಲ, ನೊಣ ಎಲ್ಲ ಅಂಟಿ ಸತ್ವು, ಮೇಲಿಂದ ಕಪಾಟಿಗೆ ಇರುವೆ ಸಾಲು. ಬೈಗುಳ ತಿಂದೆ. ಎರಡನೇ ಸಲ ಅಚ್ಚುಬೆಲ್ಲ ಹಾಕಿ ಬೆಳಿಗ್ಗೆ ಆರೂವರೆಗೆ ಹೋಗಿ ಕನ್ಯೆ ಆರಿಸಿ ಬಿಟ್ಟೆ.

ನಿನ್ನೆ ಎಣಿಸ್ದೆ. ಗಂಡು 41, ಎಲ್ಲಾ ಬಿಳಿ. ಹೆಣ್ಣು 46, ಎಲ್ಲಾ ಕಿತ್ತಳೆ, ಆದ್ರೆ ಅಪ್ಪನಿಗಿಂತ ಸ್ವಲ್ಪ ತಿಳಿ. ಅಂದ್ರೆ ಎಕ್ಸ್ ಮೇಲೆ, ಏಪ್ರಿಕಾಟ್ ಇರ್ಬೇಕು ಅಲ್ವಾ? ತಿಳಿ ಯಾಕೆ, ಒಂದೇ ಕಾಪಿ ಸಿಕ್ಕಿದ್ದಕ್ಕಾ? ಅಪ್ಪನಿಗೂ ಒಂದೇ ಕಾಪಿ ಇದ್ದದ್ದಲ್ಲ!

ಬಾಟಲಿನೊಣ:

ಸರಿಯಾದ ಜಾಗಕ್ಕೆ ಕೈ ಹಾಕಿದ್ರಿ. ಗಂಡಿಗೆ ಇರೋದು ಒಂದೇ ಎಕ್ಸ್, ಅದಕ್ಕೆ ಗಂಡು ನೊಣ ಆ ಒಂದನ್ನೇ ಸುಮಾರು ಎರಡರಷ್ಟು ಜೋರಾಗಿ ಓದುತ್ತೆ, ಡೋಸೇಜ್ ಕಾಂಪೆನ್ಸೇಶನ್ ಅಂತಾರೆ. ಎರಡು ಕಾಪಿ ಇರೋ ಹೆಣ್ಣು, ಒಂದು ಕಾಪಿ ಇರೋ ಗಂಡು ಒಂದೇ ಬಣ್ಣ ಅದಕ್ಕೇ. ನಿಮ್ಮ ಹೆಣ್ಣುಗಳಿಗೆ ಏಪ್ರಿಕಾಟ್ ಒಂದೇ, ಇನ್ನೊಂದು ಕೆಟ್ಟ ವೈಟ್, ಜೋರಾಗಿ ಓದೋ ವ್ಯವಸ್ಥೆ ಹೆಣ್ಣಲ್ಲಿ ಇಲ್ಲ, ಹಾಗಾಗಿ ಅಪ್ಪನ ಅರ್ಧ. ಮುಲ್ಲರ್ ಈ ಮಾತಿಗೆ ಬಂದಿದ್ದೂ ಇದೇ ಏಪ್ರಿಕಾಟ್ ಕಣ್ಣು ನೋಡಿ. ಎಕ್ಸ್ ಮೇಲೆ ಕೂತ ಮಿನಿವೈಟೂ ಮಕ್ಕಳಲ್ಲಿ ಹೀಗೇ ಹಂಚಿಕೆ ಆಗುತ್ತೆ, ಆದರೆ ಕಾಲೇಜಿನ ಹಳೇ ಬಾಟಲಿ ಅಂದ್ರೆ ನನ್ನ ಬೆಟ್ ಏಪ್ರಿಕಾಟ್ ಮೇಲೆ.

ಮಳೆಹುಡುಗಿ_ಶಿರ್ಸಿ:

ಲೇಬಲ್ ಈಗ ಪೆನ್ನಲ್ಲಿ ಬರೆದು ಸೆಲ್ಲೊಟೇಪ್ ಅಂಟಿಸಿದೆ. ಏಪ್ರಿಕಾಟ್ ಲಾರ್ವಾದ ನಳಿಗೆ ನಾಳೆ ಬಿಡಿಸ್ತೆ, ಹಳದಿನೋ ನೀರೋ ನೋಡಿ ಫೋಟೋ ಹಾಕ್ತೆ. ಗ್ರಂಥಿ ಇನ್ನೂ ಸಿಕ್ಕಿಲ್ಲ 🙈